ಹೆದರುವ ಸರದಿ

ಅಂಜಿಕೆ ಕಳೆಯುವ ಮಾತ್ರೆ ಮನೆಮನೆಗೂ ಬಂದ ಮೇಲೆ ಆ ಊರಿನಲ್ಲಿ ಒಂದು ಪದ್ಧತಿ ಬೆಳೆದಿತ್ತು. ಮನೆಗೊಬ್ಬರು ಮಾತ್ರೆ ಬಿಟ್ಟು, ಉಳಿದವರ ಪಾಲಿನದನ್ನೂ ಸೇರಿಸಿ ಹೆದರಬೇಕು. ಇಲ್ಲದಿದ್ದರೆ ಗ್ಯಾಸ್ ಆರಿಸುವವರು, ಚಿಲಕ ನೋಡುವವರು ಯಾರು?

ವರ್ಷವೆಲ್ಲ ಹೆದರಿ ಸಾಕಾಗಿದ್ದ ನೀಲವೇಣಿಗೆ ಅಂದು ಸಂಜೆ ಮೊದಲ ಸಂಗೀತ ಕಚೇರಿ. ಸಭೆಯನ್ನು ನೆನೆದರೇ ಹಾಡಿನ ಸಾಲು ಮರೆತುಹೋಗುತ್ತಿತ್ತು. ಗಂಡ ಇಂದುಧರ ತನ್ನ ಮಾತ್ರೆಯ ಪ್ರಮಾಣವನ್ನು ಮೆಲ್ಲಗೆ ಇಳಿಸುತ್ತ ಬಂದು, ಇವತ್ತಿನಿಂದ ಸರದಿ ತನ್ನದೆಂದು ಮಾತು ಕೊಟ್ಟಿದ್ದ.

ಅವಳು ಮಾತ್ರೆಯನ್ನು ಬಾಯಿಗಿಡುವಷ್ಟರಲ್ಲಿ ಮಗಳು ಚಿನ್ನಿ ಬಾಲ್ಕನಿಯಲ್ಲಿ ಸ್ಟೂಲು ಹತ್ತಿ ಕಂಬಿಯಾಚೆ ಬಾಗಿದ್ದು ಕಂಡಿತು. ಪಕ್ಕದಲ್ಲೇ ಇಂದುಧರ ನಗುತ್ತ ಕುಳಿತಿದ್ದ. ನೀಲವೇಣಿ ಓಡಿಹೋಗಿ ಮಗುವನ್ನು ಎಳೆದುಕೊಂಡಳು.

“ಬಿದ್ದುಹೋಗ್ತಿತ್ತಲ್ರೀ!”

“ಬೀಳಲಿಲ್ವಲ್ಲ, ವೇಣಿ.”

“ನೀವು ಮಾತ್ರೆ ಬಿಟ್ಟೇ ಇಲ್ಲ, ಅಲ್ವಾ?”

“ಕಮ್ಮಿ ಮಾಡ್ದೆ ಕಣೇ. ಕೈ ನಡುಗ್ತು, ನಿದ್ದೆ ಹಾರಿಹೋಯ್ತು. ಮತ್ತೆ ಪೂರ್ತಿ ತಗೊಂಡೆ.”

“ಹೇಳೋಕೇನಾಗಿತ್ತು?”

“ನೀನು ಹೆದರ್ಕೋತೀಯ ಅಂತ.”

ಅವನ ಮಾತ್ರೆಗಳನ್ನೆಲ್ಲ ಚರಂಡಿಗೆ ಸುರಿಯುವಷ್ಟು ಸಿಟ್ಟು ಬಂತು. ಆದರೆ ಒಮ್ಮೆಲೇ ನಿಲ್ಲಿಸಿದರೆ ಸೆಳೆತ ಬರುತ್ತದೆಂದು ಡಾಕ್ಟರು ಹೇಳಿದ್ದರು. ಆ ಹೆದರಿಕೆಯೂ ಅವಳದೇ.

“ನೀನು ಆರಾಮಾಗಿ ಹೋಗಿ ಹಾಡು. ಮಗೂನ ನಾನು ನೋಡ್ಕೋತೀನಿ,” ಎಂದ.

ನೀಲವೇಣಿ ತನ್ನ ಮಾತ್ರೆಯನ್ನು ಡಬ್ಬಿಗೆ ಹಾಕಿ, ಮಗುವನ್ನು ಎತ್ತಿಕೊಂಡು ಅವನಿಗಿಂತ ಮುಂಚೆಯೇ ಹೊರಟಳು. “ನಾನು ಚಹಾ ಕಾಸ್ಕೊಂಡು ಕುಡಿದು ಬರ್ತೀನಿ,” ಎಂದ ಇಂದುಧರ.

ಸಂಜೆ ವೇದಿಕೆಯಲ್ಲಿ ಪಕ್ಕಕ್ಕೆ ತಂಬೂರಿ, ತೊಡೆಯ ಮೇಲೆ ಚಿನ್ನಿ. ನಡುಗುತ್ತಿದ್ದ ದನಿ ಇನ್ನೇನು ಹದಕ್ಕೆ ಬಂತು ಎನ್ನುವಾಗ, ಮುಂದಿನ ಸಾಲಿನಿಂದ ಇಂದುಧರ ನಿಶ್ಚಿಂತೆಯಿಂದ ಕೈಬೀಸಿದ. ಕೊನೆಯಲ್ಲಿ ಗ್ಯಾಸ್ ಹಚ್ಚಿ ಚಹಾ ಕಾಸಿಕೊಂಡು ಮನೆ ಬಿಟ್ಟವನು ಅವನೇ ಎಂಬುದು ಆಗ ನೀಲವೇಣಿಗೆ ಹೊಳೆಯಿತು.