ಮೂಗಿಗೆ ಹಿಡಿದ ಚಪ್ಪಲಿ

ನರರೋಗದ ಕ್ಲಿನಿಕ್ಕಿನ ಬಾಗಿಲಲ್ಲಿ ನನ್ನ ಕೈ ತನ್ನಷ್ಟಕ್ಕೆ ಎರಡು ಸಲ ಎಗರಿತು, ಬ್ಯಾಗು ಹಾರಿಬಿತ್ತು. ಆಮೇಲಿನದು ನೆನಪಿಲ್ಲ. ಎಚ್ಚರವಾದಾಗ ಅಂಗೈಯಲ್ಲಿ ಯಾರದೋ ಬೀಗದ ಕೈ, ಮೂಗಿನ ಮೇಲೊಂದು ಚಪ್ಪಲಿ. ಬೆವರು, ಸಗಣಿ, ಕೊಳೆತ ತೊಗಲಿನ ನಾತ.

"ಥೂ, ತೆಗೀರಿ!"

"ಯಾಕ್ರೀ ಥೂ? ನಾನು ಚಪ್ಪಲಿ ಮೂಸಿಸಿದ್ದಕ್ಕೇ ನಿಮ್ ಜೀವ ಉಳೀತು," ಎಂದ ಚಪ್ಪಲಿಯವನು.

"ಫಿಟ್ಸು ತಾನಾಗೇ ನಿಲ್ಲುತ್ತೆ."

"ನಿಮಗೇನ್ರೀ ಗೊತ್ತು? ಇವತ್ತಿಂದ ಹೊಸ ಡಾಕ್ಟ್ರು ಬರ್ತಾರಂತೆ, ತೋರಿಸ್ಕೊಳ್ಳಿ. ಆದ್ರೆ ಮೊದಲ್ನೇ ಟೋಕನ್ ನಂದು."

ಅರ್ಧ ಗಂಟೆ ಬೆಂಚಿನ ಮೇಲೆ ಒರಗಿದ್ದೆ. ಆಮೇಲೆ ಮೂರು ಸಲ ಸೋಪು ಹಚ್ಚಿ ಮುಖ ತೊಳೆದೆ. ಒಳಗೆ ಹೋಗಿ, ಮೇಜಿನ ಹಿಂದಿನ ಕುರ್ಚಿಯಲ್ಲಿ ಕುಳಿತು ಗಂಟೆ ಒತ್ತಿದೆ.

"ಮೊದಲನೇ ಟೋಕನ್ನು, ಚಪ್ಪಲಿ ಹೊರಗೇ ಬಿಟ್ಟು ಬನ್ನಿ."