ನಾಲ್ಕು ಕಡೆ ಮರೆವು

"ಮೊದಲೇ ಹೇಳಿಬಿಡ್ತೀನಿ, ಈ ಹಾಡು ಅಷ್ಟು ಚೆನ್ನಾಗಿ ಬಂದಿಲ್ಲ," ಎಂದಳು ಹೆಸ್ಟರ್, ಟೇಪಿನ ಯಂತ್ರವನ್ನು ಮುದುಕಿ ಬೆರಿಲ್‌ಳ ಹತ್ತಿರಕ್ಕೆ ಸರಿಸುತ್ತ. "ನಿಮ್ಮ ತಂದೆ ನಾಲ್ಕು ಕಡೆ ಸಾಲು ಮರೆತಿದಾರೆ."

"ನಮ್ಮಪ್ಪನಾ?" ಬೆರಿಲ್ ನಕ್ಕುಬಿಟ್ಟಳು. "ಚರ್ಚಿಗೆ ಹೋಗೋದು ಮರೀತಿದ್ದ ಕಣಮ್ಮ. ಹಾಡು ಮರೆಯೋ ಗಿರಾಕಿ ಅಲ್ಲ ಅವನು."

ನಾರ್‌ಫೋಕ್ ಹಳ್ಳಿಗಳ ಜನಪದ ಹಾಡು, ಶಿಶುಗೀತೆಗಳ ಹಳೆಯ ಟೇಪುಗಳಿಗೆ ನಂಬರು ಕೊಟ್ಟು ಪಟ್ಟಿ ಮಾಡುವುದು ಆ ಗ್ರಂಥಾಲಯದಲ್ಲಿ ಹೆಸ್ಟರಳ ಕೆಲಸ. ಹಾಡಿದವರು ಯಾರು, ಯಾವ ಊರು, ಯಾವ ವರ್ಷ, ಎಲ್ಲಕ್ಕೂ ಒಂದೊಂದು ಕಲಂ. ಹೆಬ್ಬಾತಿನ ಈ ಹಾಡು ಇಪ್ಪತ್ಮೂರು ಜನರ ಬಾಯಲ್ಲಿ ಸಿಕ್ಕಿತ್ತು. ಅದರಲ್ಲಿ 1956ರಲ್ಲಿ ಬೆರಿಲ್‌ಳ ತಂದೆ ಸಿಡ್ ಲಾರ್ಟರ್ ಹಾಡಿದ್ದೇ ತೀರಾ ಕಳಪೆ ಎಂದು ಆಕೆ ಆಗಲೇ ಷರಾ ಬರೆದಾಗಿತ್ತು: "ಹಾಡುಗಾರನಿಗೆ ನೆನಪು ಸಾಲದು. ಹಿಂದುಗಡೆ ತಟ್ಟೆಗಳ ಸದ್ದು, ಹೆಂಗಸಿನ ಮಾತು. ಎರಡನ್ನೂ ಅಳಿಸಬೇಕು." ಮೂಲ ಟೇಪು ಪುಡಿಯಾಗುತ್ತ ಬಂದಿತ್ತು. ಶುಕ್ರವಾರ ಬಂದು ಸದ್ದು ಅಳಿಸುವವನು ಮಾಡಿಕೊಡುವ ಪ್ರತಿ ಮಾತ್ರವೇ ಮುಂದೆ ಉಳಿಯುವುದು.

ಸಿಡ್‌ನ ಗಡಸು ದನಿ ಶುರುವಾಯಿತು. "ಹೆಬ್ಬಾತು ಹೊರಟಿತು ನಾರಿಚ್ ಪೇಟೆಗೆ, ಬೂಟು ಬೇಕಂತೆ ಪುಟ್ಟ ಕಾಲಿಗೆ..." ಅಲ್ಲಿಗೆ ನಿಂತಿತು. "ಮುಂದೇನೇ, ಎಡೀ?"

ದೂರದಲ್ಲಿ, ತಟ್ಟೆ ತೊಳೆಯುವ ಸದ್ದಿನ ನಡುವೆ, ಒಂದು ತೆಳು ದನಿ. "ಎಡಗಾಲಿಗೊಂದು, ಬಲಗಾಲಿಗೊಂದು... ಅಯ್ಯೋ, ಅಷ್ಟೂ ಬರಲ್ವಾ ನಿಂಗೆ!"

ಬೆರಿಲ್ ಮೇಜಿನ ಅಂಚನ್ನು ಹಿಡಿದುಕೊಂಡಳು. "ಅಮ್ಮ. ನಮ್ಮಮ್ಮ ಕಣೇ ಇದು."

ತಾಯಿ ಎಡಿತ್, ಅಪ್ಪನ ಬಾಯಲ್ಲಿ ಎಡೀ, ತೀರಿಕೊಂಡಾಗ ಬೆರಿಲ್‌ಗೆ ಒಂಬತ್ತು ವರ್ಷ. ಅವಳ ಮುಖ ನೋಡಲು ಒಂದು ಫೋಟೋ ಇತ್ತು. ದನಿ ಯಾವಾಗಲೋ ಮರೆತುಹೋಗಿತ್ತು. ಹೆತ್ತವಳ ದನಿಯನ್ನೇ ಮರೆತೆನಲ್ಲ ಎಂದು ತನ್ನನ್ನು ತಾನೇ ಬೈದುಕೊಳ್ಳುತ್ತಲೇ ಅವಳು ಮುದುಕಿಯಾಗಿದ್ದಳು. ಇವತ್ತು ಬಂದದ್ದು ಅಪ್ಪನ ಹಾಡು ಕೇಳಲೆಂದು ಮಾತ್ರ.

ಸಿಡ್ ಮತ್ತೆ ನಿಂತ, ಮತ್ತೆ "ಎಡೀ?" ಎಂದ. ಪ್ರತಿ ಸಲವೂ ಆ ದನಿ ಎರಡು ಹೆಜ್ಜೆ ಹತ್ತಿರ ಬಂತು. ನಾಲ್ಕನೆಯ ಸಲ ಆಕೆ ಕೊನೆಯ ನುಡಿಯನ್ನು ಇಡಿಯಾಗಿ ತಾನೇ ಹಾಡಿ ಮುಗಿಸಿದಳು. ಸಿಡ್ ಅಷ್ಟು ಹೊತ್ತೂ ಪಿಟ್ಟೆನ್ನಲಿಲ್ಲ.

"ಅಪ್ಪ ದಿನಾ ಸಂಜೆ ನನ್ನನ್ನ ತೊಡೆ ಮೇಲೆ ಕುಣಿಸ್ತಾ ಇದನ್ನೇ ಹಾಡ್ತಿದ್ದ," ಎಂದಳು ಬೆರಿಲ್, ಅಳುತ್ತ, ನಗುತ್ತ. "ಒಂದಕ್ಷರ ತಪ್ತಿರ್ಲಿಲ್ಲ. ಹಾಡು ಅಮ್ಮಂದೇ, ಅವಳೇ ಕಲಿಸಿದ್ದು. ಟೇಪಿನ ಮಿಷಿನ್ ಮುಂದೆ ಬಾರೇ ಅಂತ ಅಪ್ಪ ಎಷ್ಟು ಕರೆದ್ರೂ, ನಂದು ಕೋಳಿ ಗಂಟಲು ಅಂತ ಅಡುಗೆಮನೆ ಸೇರ್ಕೊಂಡ್ಳಂತೆ. ಕಳ್ಳ! ಬೇಕಂತಲೇ ಮರೆತಿದಾನೆ."

ಹೆಸ್ಟರ್‌ಗೆ ತಲೆಯೆತ್ತಲು ನಾಚಿಕೆಯಾಯಿತು. ಷರಾವನ್ನು ಪೂರ್ತಿ ಹೊಡೆದುಹಾಕಿ, ಹಾಡಿದವರು ಎಂಬ ಕಲಮಿನಲ್ಲಿ ಸಿಡ್‌ನ ಹೆಸರಿನ ಮೇಲ್ಗಡೆ ಎಡಿತ್ ಲಾರ್ಟರ್ ಎಂದು ಬರೆದಳು. "ಶುಕ್ರವಾರ ಬರೋನಿಗೆ ಈಗಲೇ ಫೋನ್ ಮಾಡ್ತೀನಿ. ಇದನ್ನ ಯಾರೂ ಮುಟ್ಟೋ ಹಾಗಿಲ್ಲ."

"ಆಮೇಲೆ ಮಾಡುವಿಯಂತೆ," ಬೆರಿಲ್ ಕಣ್ಣೊರೆಸಿಕೊಂಡು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ಇನ್ನೊಂದ್ಸಲ ಹಾಕು ಮಗಳೇ. ಮೊದಲಿಂದ ಬೇಡ. ಅಪ್ಪ ಮರೀತಾನಲ್ಲ, ಅಲ್ಲಿಂದ."