ಇಂಟು ಇದ್ದಲ್ಲಿ ಸಹಿ

"ಸಾರ್, ವಿಮಾನಕ್ಕೆ ಹೊತ್ತಾಯಿತು. ಅದನ್ನೆಂತ ಓದುವುದು!" ಡ್ರೈವರ್ ನಿಸಾರ್ ಸ್ಟೇರಿಂಗಿಗೆ ಒಂದು ಗುದ್ದು ಕೊಟ್ಟ.

ಹಿಂದಿನ ಸೀಟಿನಲ್ಲಿ ಬಿದ್ದಿದ್ದ ನಿಸಾರನ ರಜೆ ಅರ್ಜಿಯ ಪ್ರತಿಯನ್ನು ಲೆಷೆಕ್ ಕಣ್ಣಿಗೆ ಹಿಡಿದು ಕೂತಿದ್ದ. ಸೌದಿಯ ಖೋಬರಿನ ಕಂಪನಿಗೆ ಒಂಬತ್ತು ವರ್ಷ ಅರಬ್ಬಿ ಕಾಗದಪತ್ರ ನೋಡುವ ವಕೀಲನಾಗಿದ್ದ ಈ ಪೋಲೆಂಡಿನವನು ಇವತ್ತು ಕೆಲಸ ಬಿಟ್ಟು ಊರಿಗೆ ಹೊರಟಿದ್ದ. ನಾಳೆ ಸಂಜೆಯೊಳಗೆ ವಿರೋಧ ಪಕ್ಷದಿಂದ ಚುನಾವಣೆಗೆ ನಾಮಪತ್ರ ಹಾಕಬೇಕು. ಆದರೂ ಕಾಗದ ಕಂಡರೆ ಬಿಡುವ ಆಸಾಮಿಯಲ್ಲ. ಶವರ್ಮಾ ಸುತ್ತಿದ ಕಾಗದವನ್ನೂ ಓದಿಯೇ ಬಾಯಿಗಿಡುವವನು. ಇಂಥವನನ್ನು ಹೊತ್ತು ತಿರುಗಿ ನಿಸಾರನಿಗೆ ಸಾಕುಸಾಕಾಗಿತ್ತು.

ಸಿಗ್ನಲ್‌ನಲ್ಲಿ ಲೆಷೆಕ್ ಕಾಗದವನ್ನು ಮುಂದೆ ಚಾಚಿದ. "ಓದು ನೋಡುವಾ."

ಉಡುಪಿಯ ಮದರಸದಲ್ಲಿ ಕಲಿತ ನಿಸಾರ್ ಮೇಲಿನ ಅರಬ್ಬಿ ಸಾಲನ್ನು ಸರಾಗವಾಗಿ ಓದಿದ.

"ಅರ್ಥ?"

"ಅರ್ಥ ಯಾರಿಗೆ ಗೊತ್ತು ಸಾರ್? ನಮಗೆ ಓದಲಿಕ್ಕೆ ಮಾತ್ರ ಕಲಿಸಿದ್ದು. ಆಫೀಸಿನ ಜಲೀಲ್ ಪೆನ್ಸಿಲಿನಲ್ಲಿ ಇಂಟು ಹಾಕಿ ಕೊಡ್ತಾನೆ. ಇಂಟು ಇದ್ದಲ್ಲಿ ಸಹಿ ಹಾಕುವುದು. ಹದಿನೇಳು ವರ್ಷದಿಂದ ಹಾಗೇ."

"ಇದು ರಾಜೀನಾಮೆ. ಗಾಡಿ ತಿರುಗಿಸು."

ನಿಸಾರ್ ಗಾಡಿ ತಿರುಗಿಸಿದ. ಮುಂದಿನ ವಾರ ಊರಿನಲ್ಲಿ ಮಗಳು ಹನಾನ್‌ಳ ನಿಕಾಹ್. ಮುಗಿಸಿ ವಾಪಸು ಬಂದರೆ ಕೆಲಸವೇ ಇರುತ್ತಿರಲಿಲ್ಲ!

ಆಫೀಸಿನಲ್ಲಿ ಅಬ್ದುಲ್ ಜಲೀಲ್ ತಲೆ ಕೆರೆದುಕೊಂಡ. "ಎರಡೂ ಫಾರಂ ಒಂದೇ ನಮೂನೆ ಉಂಟಲ್ಲ ಮಾರಾಯ! ನನಗೂ ಅರ್ಥ ಎಲ್ಲಿ ಗೊತ್ತುಂಟು? ಮೇಲಿನ ಕಟ್ಟು ರಜೆಯದ್ದು, ಕೆಳಗಿನದ್ದು ರಾಜೀನಾಮೆಯದ್ದು ಅಂತ ಇಟ್ಟುಕೊಂಡದ್ದು. ನಿನ್ನೆ ಕಪಾಟು ಒರೆಸುವಾಗ ಅದಲುಬದಲಾಗಿದೆ."

"ನಿನ್ನ ತಲೆ!" ಸಾಹೇಬರ ಮೇಜಿಗೆ ಹೋಗಲಿದ್ದ ಮೂಲ ಪ್ರತಿಯನ್ನು ಫೈಲಿನಿಂದ ಎಳೆದು ನಿಸಾರ್ ಚೂರುಚೂರು ಮಾಡಿದ. ಹೊಸ ಫಾರಂ ಬಂತು. ಲೆಷೆಕ್ ಅದನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಓದಿ, ಇಬ್ಬರಿಗೂ ಅರ್ಥ ಬಿಡಿಸಿ ಹೇಳಿ, ಆಮೇಲೆಯೇ ನಿಸಾರನ ಕೈಗೆ ಪೆನ್ನು ಕೊಟ್ಟ.

ದಮ್ಮಾಮ್ ವಿಮಾನ ನಿಲ್ದಾಣಕ್ಕೆ ಓಡೋಡಿ ಬಂದಾಗ ಕೌಂಟರ್ ಮುಚ್ಚುವುದರಲ್ಲಿತ್ತು. ಲೆಷೆಕ್‌ನ ಚಕ್ರ ಮುರಿದ ಪೆಟ್ಟಿಗೆಯನ್ನು ನೋಡಿ ಅಲ್ಲಿಯವನು, ಹಾಳಾದರೆ ವಿಮಾನದವರು ಹೊಣೆಯಲ್ಲ ಎಂಬ ಒಂದು ಚೀಟಿ ಮುಂದಿಟ್ಟು, ಮೂಲೆಯಲ್ಲೊಂದು ಇಂಟು ಎಳೆದ. ಲೆಷೆಕ್ ಕಣ್ಣೂ ಹಾಯಿಸದೆ ಸಹಿ ಗೀಚಿ ಒಳಗೆ ಓಡಿದ.

ನಿಸಾರನ ಪಿತ್ತ ನೆತ್ತಿಗೇರಿತು.

"ಎಂತ ಸಾರ್ ನೀವು!" ಹಿಂದಿನಿಂದ ಕೂಗಿದ. "ಓದದೆ ಸಹಿ ಹಾಕುವುದಾದರೆ ಆಳುವ ಪಕ್ಷಕ್ಕೇ ಸೇರಬಹುದಿತ್ತಲ್ಲ!"